ಈ ಕಡೆ ಬರೀ ಮೊಸರು

ಬಿಸ್ಕತ್ತಿನ ಪೊಟ್ಟಣದ ಮೇಲೆ ಹಾಲಿನಲ್ಲಿ ಅದ್ದಿದ ಬಿಸ್ಕತ್ತಿನ ಚಿತ್ರ ಇರುತ್ತದಲ್ಲ, ಆ ಹಾಲು ಎಷ್ಟೋ ಸಲ ಹಾಲೇ ಅಲ್ಲ. ಮರಗೆಲಸದವರು ಹಲಗೆ ಕೂಡಿಸಲು ಬಳಸುವ ಬಿಳಿ ಅಂಟು. ಹೋಟೆಲಿನ ಮುಂದೆ ಆಳೆತ್ತರದ ಬೋರ್ಡಿನಲ್ಲಿ ಬಿಸಿಲಿಗೂ ಕರಗದೆ ನಿಂತಿರುವ ಐಸ್‌ಕ್ರೀಮು ಬೇಯಿಸಿ ಹಿಸುಕಿದ ಆಲೂಗಡ್ಡೆ. ದ್ರಾಕ್ಷಿ ಅಷ್ಟೊಂದು ಹೊಳೆಯುವುದು ತಾಜಾತನದಿಂದಲ್ಲ, ಬ್ರಷ್ಷಿನಲ್ಲಿ ಸವರಿದ ಎಣ್ಣೆಯಿಂದ. ಇದನ್ನೆಲ್ಲ ಮಾಡುವವರು ಯಾರಾದರೂ ಇರಲೇಬೇಕಲ್ಲ. ಈ ಕತೆಯ ಹೆಂಗಸು ಅವರಲ್ಲೊಬ್ಬಳು. ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಚಿಮಟದಕ್ಕ ಎನ್ನುತ್ತಿದ್ದರು. ಬನ್ನಿನ ಮೇಲಿನ ಎಳ್ಳನ್ನು ಒಂದೊಂದಾಗಿ ಚಿಮಟದಲ್ಲಿ ಹಿಡಿದು ಕೂರಿಸುವುದನ್ನು ನೋಡಿದವರಿಗೆ ಬೇರೆ ಹೆಸರು ಹೊಳೆಯುವುದೂ ಕಷ್ಟವೇ.

ಆ ಕೆಲಸದ ಗುಟ್ಟು ಬಹಳ ದೊಡ್ಡದೇನಲ್ಲ. ಕ್ಯಾಮೆರಾಕ್ಕೆ ಇರುವುದು ಒಂದೇ ಕಣ್ಣು, ಅದು ನೋಡುವುದು ಒಂದೇ ಕಡೆ. ಆ ಕಡೆಗೆ ಮಾತ್ರ ಅಲಂಕಾರ ಮಾಡಿದರೆ ಸಾಕು, ಹಿಂಭಾಗ ಹಾಳು ಬಿದ್ದರೂ ಕೇಳುವವರಿಲ್ಲ. ಬಟ್ಟಲು ತುಂಬ ಮೊಸರು ಸುರಿದು ಮೇಲೆ ಹಣ್ಣಿಟ್ಟರೆ ಹಣ್ಣು ಮುಳುಗಿ ಹೋಗುತ್ತದೆ, ಅದಕ್ಕೆ ಬಟ್ಟಲಿನ ತಳದಲ್ಲಿ ಪುಟ್ಟದೊಂದು ಸ್ಟೀಲ್ ಕಪ್ಪನ್ನು ಬೋರಲು ಹಾಕಿ ಅದರ ಮೇಲೆ ಮೊಸರು ಬಳಿಯಬೇಕು. ಆಗ ಹಣ್ಣು ರಾಜನ ಹಾಗೆ ಮೇಲೇ ಕೂತಿರುತ್ತದೆ. ಇಂಥ ಬಟ್ಟಲುಗಳನ್ನು ಹದಿನೈದು ವರ್ಷದಿಂದ ಅವಳು ಮಾಡುತ್ತ ಬಂದಿದ್ದಳು. ಒಂದನ್ನೂ ಯಾರೂ ತಿಂದಿರಲಿಲ್ಲ.

ಗಂಡ ಹೆಂಡತಿ ಬೇರೆಯಾಗಿ ಮೂರು ವರ್ಷವಾಗಿತ್ತು. ದೊಡ್ಡ ಜಗಳವೇನೂ ಆಗಲಿಲ್ಲ. ಜಗಳವಾಡುವುದಕ್ಕಾದರೂ ಇಬ್ಬರೂ ಮನೆಯಲ್ಲಿರಬೇಕು ತಾನೆ. ಅವಳು ಸ್ಟುಡಿಯೋದಲ್ಲೇ ಇರುತ್ತಿದ್ದಳು. ಅಪರೂಪಕ್ಕೆ ಮನೆಯಲ್ಲಿದ್ದರೆ ಅವಳ ಫ್ರಿಜ್ಜಿನೊಳಗೆ ಸ್ಟುಡಿಯೋ ಬಂದು ಕೂತಿರುತ್ತಿತ್ತು. ನಾಳೆಯ ಕೇಕು, ನಾಡಿದ್ದಿನ ಹಣ್ಣು, ಆಚೆ ನಾಡಿದ್ದಿನ ಚೀಸು. ಮಗು ಕೈ ಚಾಚಿದರೆ ಮುಟ್ಟಬೇಡ ಪುಟ್ಟಿ, ಅದು ಫೋಟೋದ್ದು. ಮಗು ಮೊದಲು ಕಲಿತ ಉದ್ದನೆಯ ವಾಕ್ಯವೂ ಅದೇ ಇರಬೇಕು. ಅತ್ತೆ ಬಾಯಿ ಬಿಟ್ಟು ಬೈದವರಲ್ಲ, ಆದರೆ ನೆಂಟರ ಮುಂದೆ ಒಂದು ಮಾತು ಹೇಳುತ್ತಿದ್ದರು: "ನಮ್ಮ ಸೊಸೆಗೆ ಊಟ ಜೋಡಿಸೋಕೆ ಬರುತ್ತೆ, ಬಡಿಸೋಕೆ ಬರಲ್ಲ." ಆ ಮಾತು ನಗುನಗುತ್ತಲೇ ಬಂದು ಬೆನ್ನಿಗೆ ಚುಚ್ಚುತ್ತಿತ್ತು. ಸುಳ್ಳಲ್ಲವಲ್ಲ, ಅದಕ್ಕೇ ಇನ್ನೂ ಜಾಸ್ತಿ ಚುಚ್ಚುತ್ತಿತ್ತು.

ಈಗ ಪುಟ್ಟಿಗೆ ಒಂಬತ್ತು. ಅಪ್ಪ, ಅಜ್ಜಿಯ ಜೊತೆ ಅದೇ ಪಟ್ಟಣದ ಇನ್ನೊಂದು ಬದಿಯಲ್ಲಿರುತ್ತಾಳೆ. ತಾಯಿ ಮಗಳ ಭೇಟಿ ಪಾರ್ಕಿನ ಬೆಂಚಿನ ಮೇಲೆ, ವಾರಕ್ಕೊಂದು ಗಂಟೆ, ಅಪ್ಪ ಒಂದಿಷ್ಟು ದೂರದಲ್ಲಿ ಫೋನು ನೋಡುತ್ತ ನಿಂತಿರುತ್ತಾನೆ. ಒಂದು ಗಂಟೆಯಲ್ಲಿ ಏನು ಮಾತಾಡುವುದಿದೆ? ಸ್ಕೂಲು ಹೇಗಿದೆ ಎಂದು ಕೇಳುವುದರೊಳಗೆ ಅರ್ಧ ಗಂಟೆ, ಚೆನ್ನಾಗಿದೆ ಎಂದು ಕೇಳಿಸಿಕೊಳ್ಳುವುದರೊಳಗೆ ಇನ್ನರ್ಧ. ಮೊದಲು ಅಮ್ಮಾ ನೀನು ಎನ್ನುತ್ತಿದ್ದ ಮಗು ಯಾವಾಗಲೋ ನೀವು ಎನ್ನುವುದಕ್ಕೆ ಶುರುಮಾಡಿತ್ತು. ಸ್ಕೂಲಿನಲ್ಲಿ ಮರ್ಯಾದೆ ಕಲಿಸುತ್ತಾರೇನೋ ಎಂದು ತಾಯಿ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅಪ್ಪನಿಗೂ ಅಜ್ಜಿಗೂ ನೀನು ಎನ್ನುತ್ತಾಳೋ ನೀವು ಎನ್ನುತ್ತಾಳೋ ಎಂದು ಕೇಳುವ ಧೈರ್ಯ ಮಾತ್ರ ಮಾಡಲಿಲ್ಲ.

ಎರಡು ಕೋಣೆಯ ಮನೆಗೆ ಬಂದ ಮೇಲೆ ಅವಳು ಮಾಜಿ ಗಂಡನಿಗೆ ಫೋನು ಮಾಡಿ, ಪುಟ್ಟಿಯನ್ನು ಒಂದು ರಾತ್ರಿ ನನ್ನ ಹತ್ತಿರ ಬಿಡುತ್ತೀಯಾ ಎಂದು ಕೇಳಿಯೇಬಿಟ್ಟಳು. ಅವನು ಕೆಟ್ಟವನಲ್ಲ. ಒಪ್ಪಿಕೊಂಡು ಹೇಳಿದ:

"ಶನಿವಾರ ಸಂಜೆ ಬಿಡ್ತೀನಿ. ಭಾನುವಾರ ತಿಂಡಿ ಆದ್ಮೇಲೆ ಬಂದು ಕರ್ಕೊಂಡು ಹೋಗ್ತೀನಿ. ಬಾಗಿಲಲ್ಲೇ ಅವಳನ್ನ ಕೇಳ್ತೀನಿ, ಪ್ರತಿ ವಾರ ಹೀಗೆ ಬಂದಿರ್ತೀಯಾ ಅಂತ. ಅವಳು ಏನಂತಾಳೋ ಅದೇ. ನಾನೂ ಒತ್ತಾಯ ಮಾಡಲ್ಲ, ನೀನೂ ಮಾಡಬಾರದು."

"ಬರಲ್ಲ ಅಂದ್ರೆ?"

"ಅಂದ್ರೆ ಇದ್ದೇ ಇದ್ಯಲ್ಲ, ಪಾರ್ಕು."

"ಬೆಳಿಗ್ಗೆ ಏನು ತಿಂತಾಳೆ ಅವಳು?"

ಈ ಪ್ರಶ್ನೆ ಕೇಳಿ ಅವಳಿಗೇ ನಾಚಿಕೆಯಾಯಿತು. ಹೊತ್ತು ಹೆತ್ತ ಮಗು ಬೆಳಿಗ್ಗೆ ಎದ್ದು ಏನು ತಿನ್ನುತ್ತದೆ ಎಂದು ಇನ್ನೊಬ್ಬರನ್ನು ಕೇಳುವ ಗತಿ ಶತ್ರುವಿಗೂ ಬೇಡ.

"ಏನು ಕೊಟ್ಟರೂ ಮೂತಿ ಸೊಟ್ಟ ಮಾಡ್ತಾಳೆ" ಎಂದ ಅವನು. "ಚೆರ್ರಿ ಇಟ್ಟಿರೋ ಚಾಕಲೇಟ್ ಕೇಕು ಬೇಕಂತೆ, ಬೇರೆ ಏನೂ ಬೇಡ್ವಂತೆ. ಆದ್ರೆ ನೋಡು, ಹಲ್ಲಿನ ಡಾಕ್ಟರು ಈಗಷ್ಟೇ ಎರಡು ಹಲ್ಲು ತುಂಬಿಸಿದ್ದಾರೆ. ಕೇಕು ಗೀಕು ಎಲ್ಲ ಬಂದ್. ನೀನು ಪ್ರೀತಿ ಉಕ್ಕಿ ಏನಾದ್ರೂ ತಂದಿಟ್ಟು, ಅದು ನಮ್ಮಮ್ಮನಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು."

ಕೇಕೇ ಬೇಕು ಎನ್ನುವ ಮಗು, ಕೇಕು ಕೊಡಬಾರದು ಎನ್ನುವ ಡಾಕ್ಟರು. ಫೋನಿಟ್ಟು ಅವಳು ಬಹಳ ಹೊತ್ತು ಅಡುಗೆಮನೆಯಲ್ಲೇ ನಿಂತಳು. ಆ ಅಡುಗೆಮನೆಯನ್ನೂ ಒಂದು ಸಲ ನೋಡಬೇಕು. ಕಪಾಟು ತುಂಬ ತಟ್ಟೆಗಳು: ನೀಲಿ, ಹಸಿರು, ಮಣ್ಣಿನವು, ಮರದವು, ಅಂಚು ಒಡೆದ ಹಾಗೆ ಕಾಣಲೆಂದೇ ಒಡೆದವು. ಯಾವುದೂ ಜೋಡಿಯಿಲ್ಲ. ಚಿತ್ರಕ್ಕೆ ಒಂದೇ ಬೇಕಾಗುವುದರಿಂದ ಅವಳು ಯಾವಾಗಲೂ ಒಂದೊಂದನ್ನೇ ಕೊಂಡಿದ್ದಳು. ಒಲೆ ಮಾತ್ರ ಅಂಗಡಿಯಿಂದ ಆಗಷ್ಟೇ ತಂದ ಹಾಗೆ ಫಳಫಳ ಹೊಳೆಯುತ್ತಿತ್ತು. ಅವಳ ಬೆಳಗಿನ ತಿಂಡಿ ಎಂದರೆ ಬಸ್ಸಿನಲ್ಲಿ ನಿಂತುಕೊಂಡು ತಿನ್ನುವ ಬ್ರೆಡ್ಡಿನ ತುಂಡು, ಅಷ್ಟೆ.

ಆಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು. ಕೇಕು ಬೇಡ, ಕೇಕಿನ ರುಚಿ ಇದ್ದರೆ ಸಾಕಲ್ಲ? ಗಟ್ಟಿ ಮೊಸರಿಗೆ ಕೋಕೋ ಬೆರೆಸಿದರೆ ಚಾಕಲೇಟ್. ಮೇಲೊಂದು ಪದರ ಬಿಳಿ ಮೊಸರು ಹಾಕಿದರೆ ಕ್ರೀಮು. ಸಕ್ಕರೆಯ ಬದಲು ಹಣ್ಣು. ಹುರಿದ ಓಟ್ಸು, ಬಾದಾಮಿ ಪುಡಿಯಾಗಿ ಉದುರಿಸಿದರೆ ಕೇಕಿನ ಚೂರು. ಅದರ ಮೇಲೆ ಚೆರ್ರಿ. ಎಲ್ಲ ಸೇರಿ ಐದು ನಿಮಿಷದ ಕೆಲಸ, ಅಜ್ಜಿಯೂ ತಪ್ಪು ಹುಡುಕುವಂತಿಲ್ಲ.

ಉಪಾಯವೇನೋ ಹೊಳೆಯಿತು, ಬಾಯಿಗಿಟ್ಟಾಗ ತಾನೆ ಗೊತ್ತಾಗುವುದು. ಮೊದಲ ದಿನ ಮಾಡಿದ್ದು ಔಷಧಿಯ ಹಾಗಿತ್ತು. ಕೋಕೋ ಪುಡಿ ಕಹಿ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅದರ ಬಣ್ಣ ಯಾವ ಬೆಳಕಿನಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದಳು. ಮರುದಿನ ಬಾಳೆಹಣ್ಣು ಹಿಸುಕಿ ಹಾಕಿದಳು, ಮೊಸರು ನೀರಾಯಿತು. ಆಮೇಲೆ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೆಲ್ಲ ನಲ್ಲಿಗೆ ತೂಗು ಹಾಕಿದಳು. ಬೆಳಿಗ್ಗೆ ಅದು ಚಮಚ ನಿಲ್ಲುವಷ್ಟು ಗಟ್ಟಿಯಾಗಿತ್ತು. ಖರ್ಜೂರವನ್ನು ಬಿಸಿನೀರಿನಲ್ಲಿ ನೆನೆಸಿ ಅರೆದು ಸೇರಿಸಿದ ಮೇಲೆ ಕಹಿ ತಗ್ಗಿತು. ಆದರೂ ಏನೋ ಕಮ್ಮಿ. ಏನು ಕಮ್ಮಿ ಎಂದು ನಾಲಿಗೆ ಹೇಳುತ್ತಿರಲಿಲ್ಲ. ಕಣ್ಣಿಗೆ ಕೆಲಸ ಕೊಟ್ಟು ಕೊಟ್ಟು ನಾಲಿಗೆಯನ್ನು ನಿರುದ್ಯೋಗಿ ಮಾಡಿದರೆ ಇನ್ನೇನಾಗುತ್ತದೆ.

ಒಂದು ಡಬ್ಬಿಯಲ್ಲಿ ಹಾಕಿಕೊಂಡು ಸ್ಟುಡಿಯೋಗೆ ಒಯ್ದು ಕ್ಯಾಮೆರಾದವನ ಮುಂದಿಟ್ಟಳು. ಅವಳಿಗಿಂತ ಚಿಕ್ಕವನು, ಮಾತಿಗೊಂದು ಕೀಟಲೆ. ಡಬ್ಬಿಯನ್ನು ಅನುಮಾನದಿಂದ ಮೂಸಿ ನೋಡಿದ.

"ಅಕ್ಕಾ, ಇದು ತಿನ್ನೋದಾ, ಅಂಟಿಸೋದಾ?"

"ತಿನ್ನೋದು. ಸುಮ್ನೆ ತಿಂದು ಹೇಳು."

"ಯಾಕೋ ಭಯ ಆಗುತ್ತೆ. ಹೋದ ತಿಂಗಳು ನಿಮ್ಮ ಮಿಲ್ಕ್‌ಶೇಕ್ ಕುಡಿದು ಎರಡು ದಿನ ಬಾಯಲ್ಲಿ ಸೋಪು."

"ಅದು ಕುಡಿಯೋದಲ್ಲ ಅಂತ ನಾನು ಬಡ್ಕೊಂಡೆ."

ಅವನು ಒಂದು ಚಮಚ ತಿಂದ. ಇನ್ನೊಂದು ಚಮಚ ತಿಂದ. "ಒಂದು ಚಿಟಿಕೆ ಉಪ್ಪು ಹಾಕಿ ಅಕ್ಕ. ನಮ್ಮತ್ತೆ ಕೇಕಿಗೂ ಹಾಕ್ತಾರೆ, ಚಾಕಲೇಟು ಎದ್ದು ಕೂರುತ್ತೆ" ಎಂದ. ಡಬ್ಬಿ ಮಾತ್ರ ವಾಪಸು ಕೊಡಲಿಲ್ಲ. ತಳ ಕೆರೆಯುತ್ತ, "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಿಮ್ಮದು ಉಲ್ಟಾ ನೋಡಿ, ಕೈಯೆಲ್ಲ ಮೊಸರು, ಬಾಯಿಗೇ ಏನೂ ಇಲ್ಲ" ಎಂದು ನಕ್ಕ. ಅವಳೂ ನಕ್ಕಳು. ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ಆ ಮಾತು ನಗು ಬರಿಸಲಿಲ್ಲ. ಅವನ ಹೆಂಡತಿ ಅವನಿಗೆ ಬುತ್ತಿ ಕಟ್ಟುತ್ತಾಳೆ, ಅವನತ್ತೆ ಕೇಕು ಮಾಡುತ್ತಾಳೆ, ಅವನಿಗೆ ತಮಾಷೆ ಮಾಡಲು ಸಮಯವಿದೆ. ಅವಳಿಗೆ ಅವತ್ತು ಆ ಹುಡುಗನ ಮೇಲೆ ಹೊಟ್ಟೆಕಿಚ್ಚಾಯಿತು.

ಉಪ್ಪು ಹಾಕಿದ ಮೇಲೆ ಸರಿಹೋಯಿತು.

ಶನಿವಾರ ಸಂಜೆ ಪುಟ್ಟಿ ಬಂದಳು. ಬೆನ್ನಿಗೆ ಸ್ಕೂಲ್ ಬ್ಯಾಗು, ಕೈಯಲ್ಲಿ ಬಟ್ಟೆಯ ಚೀಲ. ಶೂ ಬಿಚ್ಚಿ ಗೋಡೆಗೆ ಒತ್ತಿ ನೆಟ್ಟಗೆ ಜೋಡಿಸಿಟ್ಟಳು. ಚೀಲದಿಂದ ಮುಚ್ಚಳ ಬಿಗಿದ ಡಬ್ಬಿ ತೆಗೆದು, "ಅಜ್ಜಿ ರಾತ್ರಿ ಊಟ ಕಳಿಸಿದ್ದಾರೆ. ಇಬ್ಬರಿಗೂ ಇದೆ ಅಂತ ಹೇಳು ಅಂದ್ರು" ಎಂದಳು. ತಾಯಿಗೆ ಮುಖಕ್ಕೆ ಹೊಡೆದ ಹಾಗಾಯಿತು, ಹಿಂದೆಯೇ ಸದ್ಯ ಬದುಕಿಕೊಂಡೆ ಎಂದೂ ಅನ್ನಿಸಿತು. ಹಾಗಾದರೆ ತಾನು ಕೈಯಾರೆ ಮಾಡಿ ಕೊಡಬೇಕಾದದ್ದು ಬೆಳಗಿನ ತಿಂಡಿ ಒಂದೇ.

"ಕೂತ್ಕೋಬಹುದಾ?" ಎಂದಿತು ಮಗು ಸೋಫಾ ನೋಡಿ.

"ಅಯ್ಯೋ, ಕೂತ್ಕೋ ಪುಟ್ಟಿ. ನಿಂದೇ ಮನೆ."

ಆದರೆ ಸಂಜೆಯೆಲ್ಲ ಅದೇ ನಡೆಯಿತು. ನೀರು ತಗೋಬಹುದಾ? ಫ್ರಿಜ್ಜು ತೆಗೀಬಹುದಾ? ಈ ನಿಂಬೆಹಣ್ಣು ನಿಜದ್ದಾ? ಈ ಲೋಟ ಉಪಯೋಗಿಸೋದಾ, ಫೋಟೋದ್ದಾ? ಪ್ರತಿ ಪ್ರಶ್ನೆಗೂ ತಾಯಿ ಹೂಂ ಹೂಂ, ತಗೋ, ತೆಗೆ ಎನ್ನುತ್ತಲೇ ಇದ್ದಳು. ಮಗು ಹಟ ಮಾಡಿದ್ದರೆ, ಅತ್ತಿದ್ದರೆ, ಅಪ್ಪ ಬೇಕು ಎಂದು ರಂಪ ಮಾಡಿದ್ದರೆ ಏನಾದರೂ ಹೇಳಿ ರಮಿಸಬಹುದಿತ್ತು. ಇಷ್ಟೊಂದು ಒಳ್ಳೆಯ ಮಗುವನ್ನು ಏನು ಹೇಳಿ ರಮಿಸುವುದು? ರಾತ್ರಿ ತಾಯಿ ಬಡಿಸಿ ಎದುರಿಗೆ ಕೂತಳು, ಉಂಡದ್ದು ಮಗು ಮಾತ್ರ. ಊಟವಾದ ಮೇಲೆ ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟು, ಗುಡ್ ನೈಟ್ ಎಂದು, ಸದ್ದಾಗದ ಹಾಗೆ ಕೋಣೆಯ ಬಾಗಿಲು ಮುಚ್ಚಿಕೊಂಡು ಮಲಗಿತು. ದೂರದ ನೆಂಟರ ಮನೆಯಲ್ಲಿ ಮಕ್ಕಳು ಹಾಗೆ ಮಲಗುತ್ತಾರೆ.

ಬೆಳಿಗ್ಗೆ ಅವಳು ಬೇಗ ಎದ್ದಳು. ಬಟ್ಟೆಯಲ್ಲಿ ಕಟ್ಟಿದ್ದ ಮೊಸರು ಬೆಣ್ಣೆಯ ಹಾಗಾಗಿತ್ತು. ಅದರಲ್ಲಿ ಅರ್ಧಕ್ಕೆ ಕೋಕೋ, ಹಿಸುಕಿದ ಬಾಳೆಹಣ್ಣು, ಅರೆದ ಖರ್ಜೂರ, ಚಿಟಿಕೆ ಉಪ್ಪು ಹಾಕಿ ಗಂಟಿಲ್ಲದ ಹಾಗೆ ಕದಡಿದಳು. ಉಳಿದರ್ಧ ಬಿಳಿಯಾಗಿಯೇ ಇರಲಿ. ಓಟ್ಸು, ಬಾದಾಮಿ ಚೂರನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದಳು. ಅದನ್ನು ತೆಗೆದು ಅದೇ ಬಾಣಲೆಗೆ ಬೀಜ ಬಿಡಿಸಿದ ಚೆರ್ರಿ ಹಾಕಿದಳು. ಹಣ್ಣು ತನ್ನ ರಸದಲ್ಲೇ ಕುದಿದು ಮೆತ್ತಗಾಗುತ್ತಿದ್ದ ಹಾಗೆ ಮನೆಯೆಲ್ಲ ಘಮ್ಮೆಂದಿತು. ಆ ಮನೆಗೆ ಅವಳು ಬಂದ ಮೇಲೆ ಅಲ್ಲಿ ಅಡುಗೆಯ ವಾಸನೆ ಎದ್ದದ್ದು ಅದೇ ಮೊದಲು.

"ಕೇಕ್ ವಾಸನೆ ಬರ್ತಿದೆ."

ಪುಟ್ಟಿ ಕೂದಲು ಕೆದರಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಹುದಾ ಎಂದು ಕೇಳದೆ ಆಡಿದ ಮೊದಲ ಮಾತು. ತಾಯಿಯ ಎದೆ ಕುಣಿಯಿತು.

"ಕೇಕ್ ಅಲ್ಲ, ಕೇಕಿನ ಅಕ್ಕನೋ ತಂಗಿಯೋ. ಮುಖ ತೊಳ್ಕೊಂಡು ಬಾ, ಐದೇ ನಿಮಿಷ."

ಮಗು ಓಡಿ ಹೋಯಿತು. ಓಡಿ ಹೋದದ್ದನ್ನು ನೋಡಿ ತಾಯಿಯ ಮನಸ್ಸು ಎಲ್ಲೆಲ್ಲಿಗೋ ಹಾರಿತು. ಮುಂದಿನ ಶನಿವಾರ, ಅದರಾಚೆಯ ಶನಿವಾರ, ಆ ಕೋಣೆಗೊಂದು ಪುಟ್ಟ ಮೇಜು, ಕಿಟಕಿಗೆ ಹಳದಿ ಪರದೆ. ಮುಂದಿನ ಸಲ ನಿಂಬೆ ಸಿಪ್ಪೆ ತುರಿದು ಜೇನು ಹಾಕಿ ಮಾಡಬಹುದು, ಅದರ ಮುಂದಿನ ಸಲ ಸೇಬು, ದಾಲ್ಚಿನ್ನಿ. ತಲೆ ಹೀಗೆ ತಿರುಗುತ್ತಿದ್ದಾಗ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಕಪಾಟಿನಿಂದ ಬೂದುಬಣ್ಣದ ಪಿಂಗಾಣಿ ಬಟ್ಟಲು ತೆಗೆಯಿತು, ತುಂಬಿತು, ಚಮಚದ ಬೆನ್ನಿನಿಂದ ಬಿಳಿ ಮೊಸರನ್ನು ಅಲೆಯಲೆಯಾಗಿ ಎಳೆಯಿತು, ಚೆರ್ರಿಗಳನ್ನು ಒಂದರ ಪಕ್ಕ ಒಂದು ಕೂರಿಸಿತು, ರಸವನ್ನು ಒಂದು ಕಡೆಯಿಂದ ಮಾತ್ರ ಜಾರುವಂತೆ ಬಿಟ್ಟಿತು, ಬಾದಾಮಿ ಚೂರನ್ನು ಬೇಕೆಂದೇ ಚೆಲ್ಲಿದ ಹಾಗೆ ಉದುರಿಸಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಕಸುಬಿನ ಗುಣವೂ ಅಷ್ಟೆ.

ಬಟ್ಟಲನ್ನು ಮೇಜಿನ ಮೇಲಿಟ್ಟು ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಅವಳ ಕಣ್ಣಿಗೆ ಅದು ಇಷ್ಟು ವರ್ಷದಲ್ಲಿ ಮಾಡಿದ ಎಲ್ಲದಕ್ಕಿಂತ ಚೆಂದವಾಗಿ ಕಂಡಿತು.

ಪುಟ್ಟಿ ಬಂದು ಕೂತಳು. ಬಟ್ಟಲು ನೋಡಿದಳು. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು.

"ತಿನ್ನು ಪುಟ್ಟಿ."

"ನೀವು ಫೋಟೋ ತೆಕ್ಕೊಳ್ಳಿ. ಆಮೇಲೆ ತಿಂತೀನಿ."

"ಫೋಟೋ ಗೀಟೋ ಇಲ್ಲ. ಇದು ನಿಂಗೆ. ನಿಂಗೇ ಅಂತ ಮಾಡಿದ್ದು."

ಮಗು ತಲೆ ವಾರೆ ಮಾಡಿ ಬಟ್ಟಲನ್ನು ಇನ್ನೊಂದು ಸಲ ನೋಡಿತು. ದೂರುವ ದನಿಯಿರಲಿಲ್ಲ, ಲೆಕ್ಕ ಒಪ್ಪಿಸುವ ಹಾಗೆ ಹೇಳಿತು: "ಈ ಕಡೆ ಬರೀ ಮೊಸರು."

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಎದ್ದು ಮೇಜು ಸುತ್ತಿ ಮಗುವಿನ ಬೆನ್ನ ಹಿಂದೆ ಬಂದು ನಿಂತಳು. ಅಲ್ಲಿಂದ ನೋಡಿದರೆ ಚೆರ್ರಿಯಿಲ್ಲ, ಬಾದಾಮಿಯಿಲ್ಲ, ರಸದ ಒಂದು ಹನಿಯಿಲ್ಲ. ಬಿಳಿ ಗೋಡೆಯ ಹಾಗೆ ಮೊಸರು. ಇದ್ದದ್ದೆಲ್ಲ ಅವಳ ಕಡೆಗಿತ್ತು. ಕ್ಯಾಮೆರಾ ನಿಲ್ಲುವ ಜಾಗದಲ್ಲಿ ತಾನು ಕೂತು, ಮಗುವನ್ನು ಹಿಂಭಾಗಕ್ಕೆ ಕೂರಿಸಿದ್ದಳು.

"ಅಯ್ಯೋ, ನೋಡು ನನ್ನ ಬುದ್ಧಿ" ಎಂದು ನಗಲು ನೋಡಿದಳು. ನಗು ಬಾರದೆ ಬಟ್ಟಲನ್ನು ತಿರುಗಿಸಿದಳು. "ಈಗ ತಿನ್ನು."

ಪುಟ್ಟಿ ಚಮಚ ತೆಗೆದುಕೊಂಡು, ಯಾವ ಚೆರ್ರಿಯೂ ಕದಲದ ಹಾಗೆ ನಡುವೆ ಇಳಿಸಿದಳು. ಟಣ್ ಎಂದಿತು. ಚಮಚ ಎರಡು ಬೆರಳಿನಷ್ಟೂ ಇಳಿದಿರಲಿಲ್ಲ. ಮಗು ಗಾಬರಿಯಿಂದ ಕೈ ಹಿಂದಕ್ಕೆ ತೆಗೆದುಕೊಂಡಿತು.

"ಸಾರಿ" ಎಂದಿತು. "ನಾನು ಜೋರಾಗಿ ಹಾಕಲಿಲ್ಲ. ಒಡೆದಿಲ್ಲ ಅನ್ಸುತ್ತೆ."

ಒಳಗೆ ಸ್ಟೀಲ್ ಕಪ್ಪು ಬೋರಲು ಬಿದ್ದಿತ್ತು. ಯಾವಾಗ ಹಾಕಿದೆ ಎಂದು ಅವಳಿಗೆ ನೆನಪೇ ಆಗಲಿಲ್ಲ. ಕೈ ಹಾಕಿತ್ತು, ಅಷ್ಟೆ. ತಪ್ಪು ಮಾಡಿದವಳು ತಾನು, ಕ್ಷಮೆ ಕೇಳಿದವಳು ಒಂಬತ್ತು ವರ್ಷದ ಮಗಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ನೀನ್ಯಾಕೆ ಸಾರಿ ಕೇಳ್ತೀಯ, ತಪ್ಪು ನಂದು. ಅಭ್ಯಾಸಬಲ ಪುಟ್ಟಿ. ಕೆಲಸದಲ್ಲಿ ಹಾಗೆ ಮಾಡ್ತೀವಿ, ಹಣ್ಣು ಮುಳುಗಬಾರದು ಅಂತ. ನಿಂಗೆ ಮೋಸ ಮಾಡಬೇಕು ಅಂತ ಅಲ್ಲ."

"ಗೊತ್ತು" ಎಂದಿತು ಮಗು. "ಪರವಾಗಿಲ್ಲ."

ಆ ಪರವಾಗಿಲ್ಲ ಎನ್ನುವ ಮಾತನ್ನು ಅಷ್ಟು ಚಿಕ್ಕ ಬಾಯಿಂದ ಅಷ್ಟು ಸಲೀಸಾಗಿ ಕೇಳಿ ಅವಳಿಗೆ ತಡೆಯಲಾಗಲಿಲ್ಲ. ಬೆರಳು ಹಾಕಿ ಕಪ್ಪನ್ನು ಕಿತ್ತು ಸಿಂಕಿಗೆ ಎಸೆದಳು. ಚೆರ್ರಿಗಳೆಲ್ಲ ಗುಳುಂ ಎಂದು ಮುಳುಗಿದವು. ಪಾತ್ರೆಯಲ್ಲಿ ಉಳಿದದ್ದನ್ನೂ ಅದಕ್ಕೇ ಸುರಿದು, ಬಿಳಿ ಕಂದು ಕೆಂಪು ಎಲ್ಲ ಒಂದಾಗುವ ಹಾಗೆ ಚಮಚದಿಂದ ಕಲಸಿಬಿಟ್ಟಳು. ಬಟ್ಟಲು ಈಗ ಮಳೆಗಾಲದ ಬೀದಿಯ ಹಾಗೆ ಕಾಣುತ್ತಿತ್ತು. ಅದನ್ನು ಮಗಳ ಮುಂದಿಟ್ಟು ಮತ್ತೆ ಎದುರಿಗೆ ಬಂದು ಕೂತಳು. ಮೊಣಕೈಯನ್ನು ಮೇಜಿಗೆ ಊರಿ, ಕೆನ್ನೆಗೆ ಕೈ ಕೊಟ್ಟು, ಮಗಳ ಮುಖದಿಂದ ಕಣ್ಣು ಕೀಳದೆ.

ಪುಟ್ಟಿ ಒಂದು ಚಮಚ ಬಾಯಿಗಿಟ್ಟಳು. ನುಂಗಿದಳು.

"ಹೇಗಿದೆ?"

"ಚೆನ್ನಾಗಿದೆ. ಕೇಕ್ ಥರಾನೇ ಇದೆ."

"ನಿಜವಾಗ್ಲೂ?"

"ಹೂಂ. ಥ್ಯಾಂಕ್ಸ್."

ಇನ್ನೊಂದು ಚಮಚ. ಆಮೇಲೆ ಇನ್ನೊಂದು. ತಾಯಿ ಪ್ರತಿ ಚಮಚವನ್ನೂ ಬಟ್ಟಲಿನಿಂದ ತುಟಿಯವರೆಗೆ, ತುಟಿಯಿಂದ ಗಂಟಲಿನವರೆಗೆ ಕಣ್ಣಲ್ಲೇ ಹಿಂಬಾಲಿಸಿದಳು. ಹುಬ್ಬು ಗಂಟಿಕ್ಕಿತೇ? ನಾಲಿಗೆ ತುಟಿ ಸವರಿತೇ? ಬೆಳಕು ಬಿದ್ದು ಹೊಳೆಯುವ ವಸ್ತುಗಳನ್ನೆಲ್ಲ ಒಂದು ನೋಟಕ್ಕೆ ಅಳೆಯುವ ಅವಳ ಕಣ್ಣಿಗೆ ಈ ಒಂದು ಮುಖ ನಿಲುಕಲಿಲ್ಲ. ಮಗು ನಿಜಕ್ಕೂ ಇಷ್ಟಪಟ್ಟು ತಿನ್ನುತ್ತಿದೆಯೋ, ಮರ್ಯಾದೆಗೆ ತಿನ್ನುತ್ತಿದೆಯೋ ತಿಳಿಯಲಿಲ್ಲ. ಸ್ವಂತ ಮಗಳು ಚೆನ್ನಾಗಿದೆ ಎಂದರೆ ನಂಬಬೇಕೋ ಬೇಡವೋ ಎಂದು ಗೊತ್ತಾಗದ ತಾಯಿ ತಾನೊಬ್ಬಳೇ ಇರಬೇಕು ಎಂದುಕೊಂಡಳು. ಅರ್ಧ ಬಟ್ಟಲು ಖಾಲಿಯಾದ ಮೇಲೆ ಪುಟ್ಟಿ ಚಮಚವನ್ನು ನಿಧಾನವಾಗಿ ಕೆಳಗಿಟ್ಟಳು.

"ಸಾಕಾ?"

"ಹೊಟ್ಟೆ ತುಂಬ್ತು."

ಕರೆಗಂಟೆ ಬಡಿಯಿತು.

ಮಗುವಿನ ಅಪ್ಪ ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಕಪಾಟಿನ ಕಡೆ, ಕಿಟಕಿಯ ಕಡೆ ನೋಡಿದ, ಅವಳ ಮುಖ ನೋಡಿದ, ಬೇಗ ಕಣ್ಣು ತೆಗೆದ. ಪುಟ್ಟಿ ಬ್ಯಾಗು ಏರಿಸಿಕೊಂಡು ನೆಲದ ಮೇಲೆ ಕೂತು ಶೂ ಹಾಕಿಕೊಳ್ಳತೊಡಗಿದಳು.

"ತಿಂಡಿ ಆಯ್ತಾ?"

"ಆಯ್ತು."

"ಸರಿ ಪುಟ್ಟಿ, ಹೇಳು. ಇನ್ಮೇಲೆ ಪ್ರತಿ ವಾರ ಹೀಗೆ ಅಮ್ಮನ ಮನೆಗೆ ಬಂದಿರ್ತೀಯಾ? ಯಾರೂ ಬಯ್ಯಲ್ಲ. ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ."

ಪುಟ್ಟಿ ಒಂದು ಶೂವಿನ ಪಟ್ಟಿ ಎಳೆದು ಸಿಕ್ಕಿಸಿದಳು, ಇನ್ನೊಂದನ್ನೂ ಸಿಕ್ಕಿಸಿದಳು. ತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಬರ್ತೀನಿ" ಎಂದಳು ಪುಟ್ಟಿ. ತಾಯಿಗೆ ಹೋದ ಉಸಿರು ಬಂದ ಹಾಗಾಯಿತು. "ಆದ್ರೆ ತಿಂಡಿ ತಿಂದ್ಕೊಂಡು ಬರ್ತೀನಿ."

"ಅಂದ್ರೆ? ರಾತ್ರಿ ಇರಲ್ವಾ?"

"ಬೆಳಿಗ್ಗೆ ನಮ್ಮನೇಲಿ ತಿಂದು ಬರ್ತೀನಿ. ಸಂಜೆ ಹೋಗ್ತೀನಿ."

ಒತ್ತಾಯ ಮಾಡುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಆದರೂ ಬಾಯಿ ತಡೆಯಲಿಲ್ಲ. "ಚೆನ್ನಾಗಿರಲಿಲ್ವಾ ಪುಟ್ಟಿ? ನಿಜ ಹೇಳು, ನಂಗೆ ಬೇಜಾರಾಗಲ್ಲ."

"ಚೆನ್ನಾಗಿತ್ತು."

"ಮತ್ತೆ? ಆ ಸ್ಟೀಲ್ ಕಪ್ಪು ಇತ್ತು ಅಂತಾನಾ?"

ಪುಟ್ಟಿ ಇಲ್ಲ ಎಂದು ತಲೆಯಾಡಿಸಿದಳು. ಅಪ್ಪನ ಮುಖ ನೋಡಿದಳು, ಆಮೇಲೆ ಎದ್ದು ನಿಂತು ತಾಯಿಯ ಮುಖವನ್ನೇ ನೋಡಿ ಹೇಳಿದಳು. "ಅಲ್ಲಿ ಎಲ್ಲರೂ ತಿಂತೀವಿ. ಅಪ್ಪ ಫೋನ್ ನೋಡ್ತಾ ತಿಂತಾರೆ. ಅಜ್ಜಿ ಬೈತಾ ತಿಂತಾರೆ. ಇಲ್ಲಿ ನಾನೊಬ್ಬಳೇ ತಿನ್ನೋದು, ನೀವು ತಿನ್ನಲ್ಲ, ನೋಡ್ತೀರಿ. ನೀವು ನೋಡ್ತಾ ಇದ್ರೆ ನಾನು ಸರಿಯಾಗಿ ತಿನ್ನಬೇಕು ಅನ್ಸುತ್ತೆ."

ಮಗುವಿನ ಅಪ್ಪ ಮೆಟ್ಟಿಲ ಕಂಬಿಯನ್ನು ಉಗುರಿನಿಂದ ಕೆರೆಯುತ್ತ ನಿಂತ. ಅವಳಿಗೆ ಆಗ ಹೊಳೆಯಿತು. ವಾರವೆಲ್ಲ ಮೊಸರು ಕಟ್ಟಿದಳು, ಕೋಕೋ ತಿದ್ದಿದಳು, ಉಪ್ಪು ಕಲಿತಳು. ಎರಡು ಬಟ್ಟಲು ಮಾಡಬೇಕೆಂದು ಒಂದು ಸಲವೂ ಅನ್ನಿಸಿರಲಿಲ್ಲ. ಮುಂದಿನ ಸಲ ನಾನೂ ನಿನ್ನ ಜೊತೆ ತಿಂತೀನಿ, ನಾನೂ ಬೈತಾ ತಿಂತೀನಿ, ಫೋನ್ ನೋಡ್ತಾ ತಿಂತೀನಿ ಎನ್ನುವ ಮಾತು ಗಂಟಲಿಗೆ ಬಂತು. ಆದರೆ ಹಾಗಂದರೆ ಮಗು ಸರಿ ಎಂದುಬಿಡುತ್ತದೆ, ಪರವಾಗಿಲ್ಲ ಎಂದುಬಿಡುತ್ತದೆ. ನಿನ್ನೆಯಿಂದ ಈವರೆಗೆ ಮಗಳು ಅವಳಿಗೆ ಮರ್ಯಾದೆ ಬದಿಗಿಟ್ಟು ಆಡಿದ ಒಂದೇ ಮಾತು ಇದು. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗೆ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ.

"ಆಯ್ತು ಪುಟ್ಟಿ" ಎಂದಳು. "ತಿಂದ್ಕೊಂಡೇ ಬಾ."

"ಬೇಜಾರಾಯ್ತಾ?"

"ಆಯ್ತು ಸ್ವಲ್ಪ. ಆದ್ರೂ ಬಾ."

ಪುಟ್ಟಿ ತಲೆಯಾಡಿಸಿ ಕೈಬೀಸಿ ಇಳಿದಳು. ಎರಡನೆಯ ಮಹಡಿ ದಾಟುತ್ತಿದ್ದ ಹಾಗೆ ಅವಳ ಮಾತು ಶುರುವಾಯಿತು, ಅಪ್ಪಾ ಗೊತ್ತಾ, ಅಲ್ಲೊಂದು ಸುಳ್ಳು ಐಸ್‌ಕ್ಯೂಬ್ ಇದೆ, ಪ್ಲಾಸ್ಟಿಕ್‌ದು, ನಾನು ಬಾಯಿಗೆ ಹಾಕ್ಕೊಂಡಿದ್ದೆ ಗೊತ್ತಾ, ಎಂದು ಒಂದೇ ಸಮನೆ, ಮೆಟ್ಟಿಲೆಲ್ಲ ಮೊಳಗುವ ಹಾಗೆ. ಮನೆಯೊಳಗೆ ಈ ದನಿಯನ್ನು ಅವಳು ಕೇಳಿರಲಿಲ್ಲ. ಕೆಳಗಿನ ಬಾಗಿಲು ಮುಚ್ಚಿಕೊಳ್ಳುವವರೆಗೆ ಕೇಳುತ್ತ ನಿಂತಿದ್ದು, ಒಳಗೆ ಬಂದಳು.

ಮಗಳು ಬಿಟ್ಟುಹೋದ ಬಟ್ಟಲು ಮೇಜಿನ ಮೇಲಿತ್ತು. ಅದನ್ನು ಎಳೆದುಕೊಂಡು, ಅದೇ ಚಮಚದಲ್ಲಿ, ಮಗಳು ಕೂತಿದ್ದ ಕುರ್ಚಿಯಲ್ಲೇ ಕೂತು ತಿಂದಳು. ಚೆನ್ನಾಗಿತ್ತು. ಕೇಕಿನ ಹಾಗೇ ಇತ್ತು, ಮಗು ಸುಳ್ಳು ಹೇಳಿರಲಿಲ್ಲ. ಎದುರಿಗೆ ಯಾರೂ ಇಲ್ಲದ್ದರಿಂದ ಬೇಗ ಬೇಗ ತಿಂದು ಮುಗಿಸಿದಳು.